ಎಂಟೋ, ಹನ್ನೆರಡೋ: ಮಲೆನಾಡಿನ ಠಾಣೆಗೆ ಯಾವ ಪಾಳಿ ಹೊಂದುತ್ತೆ?

ರಾತ್ರಿ ಒಂದು ಗಂಟೆ. ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಬ್ಯಾರಿಕೇಡ್ ಇಟ್ಟು ಪೊಲೀಸರು ಬೈಕ್ ಸವಾರರ ಕೈಲಿ ಆಲ್ಕೋಮೀಟರ್ ಊದಿಸುತ್ತಿದ್ದಾರೆ ಅಂದುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಈಗ ಆ ಯಂತ್ರ ಹಿಡಿದು ನಿಂತಿರುವ ಕಾನ್‌ಸ್ಟೇಬಲ್ ಕಡೆ ನೋಡಿ. ಬೆಳಗ್ಗೆ ಆರಕ್ಕೆ ಎದ್ದವರು ಅವರು. ಹಾಜರಿ ಮುಗಿಸಿ, ಕೋರ್ಟ್‌ಗೆ ಹೋಗಿ ಬಂದು, ಸಂಜೆ ಒಂದು ಜಗಳ ಬಿಡಿಸಿ, ಈಗ ಇಲ್ಲಿ ನಿಂತಿದ್ದಾರೆ. ಎದ್ದು 19 ಗಂಟೆಯಾಯಿತು. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನೇ ಅಳೆದು ನೋಡಿದ್ದರು. ಸತತ 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಚುರುಕು, ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮ ಕಾನೂನಿನ ಲೆಕ್ಕದಲ್ಲಿ ಹೇಳುವುದಾದರೆ, ಊದಿಸುವವರೂ ಮಿತಿ ದಾಟಿದ್ದಾರೆ. ಆದರೆ ನಿದ್ದೆಗೆಟ್ಟಿದ್ದನ್ನು ತೋರಿಸುವ ಯಂತ್ರ ಯಾರ ಜೇಬಲ್ಲೂ ಇಲ್ಲ.

ಪೊಲೀಸರ ಪಾಳಿ ಎಷ್ಟು ಉದ್ದ ಇರಬೇಕು ಅನ್ನುವ ಚರ್ಚೆ ನಮ್ಮಲ್ಲಿ ಆಗಾಗ ಎದ್ದು ತಣ್ಣಗಾಗುತ್ತದೆ. ಒಂದು ಕಡೆಯವರು ಎಂಟು ಗಂಟೆಯ ಮೂರು ಪಾಳಿ ಬೇಕು ಅನ್ನುತ್ತಾರೆ. ಇನ್ನೊಂದು ಕಡೆಯವರು ಹನ್ನೆರಡು ಗಂಟೆಯ ಎರಡು ಪಾಳಿ ಮಾಡಿ, ವಾರಕ್ಕೆ ಮೂರ್ನಾಲ್ಕು ದಿನ ಮಾತ್ರ ದುಡಿಸಿ, ಉಳಿದ ದಿನ ಪೂರ್ತಿ ಬಿಡುವು ಕೊಡಿ ಅನ್ನುತ್ತಾರೆ. ಅಮೆರಿಕದ ಬಹಳಷ್ಟು ಊರುಗಳಲ್ಲಿ ಈ ಎರಡನೆಯದು ರೂಢಿಯಲ್ಲಿದೆ. ನಮ್ಮಲ್ಲಿ ಹನ್ನೆರಡು ಗಂಟೆ ಅಂದ ತಕ್ಷಣ ಠಾಣೆಯವರು ನಗುತ್ತಾರೆ. ಯಾಕೆಂದರೆ ಹನ್ನೆರಡು ಗಂಟೆ ಈಗಾಗಲೇ ನಡೆಯುತ್ತಿದೆ, ಬಿಡುವಿನ ದಿನ ಒಂದೇ ಕಾಣೆ!

ಸುಮ್ನೆ ಹೇಳುವ ಮಾತಲ್ಲ ಇದು. ಪೊಲೀಸ್ ಸಂಶೋಧನಾ ಮತ್ತು ಅಭಿವೃದ್ಧಿ ಬ್ಯೂರೋಗಾಗಿ ಹೈದರಾಬಾದಿನ ಆಡಳಿತ ಸಿಬ್ಬಂದಿ ಕಾಲೇಜು ಮಾಡಿದ ಅಧ್ಯಯನ 2014ರಲ್ಲಿ ಬಂತು. ದೇಶದ ಠಾಣೆಗಳ ಸಿಬ್ಬಂದಿಯಲ್ಲಿ ಶೇ 90ರಷ್ಟು ಜನ ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ದುಡಿಯುತ್ತಾರೆ ಅಂತ ಅದು ಹೇಳಿತು. ನಮ್ಮ ಸಿಬ್ಬಂದಿ 11 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಡ್ಯೂಟಿಯಲ್ಲಿರುತ್ತಾರೆ ಅಂತ ಶೇ 68ರಷ್ಟು ಠಾಣಾಧಿಕಾರಿಗಳೇ ಒಪ್ಪಿಕೊಂಡರು. ಸುಮಾರು ಶೇ 74ರಷ್ಟು ಜನಕ್ಕೆ ವಾರದ ರಜೆ ತಿಂಗಳಿಗೆ ಒಂದು ಸಲವೂ ಸಿಗುತ್ತಿರಲಿಲ್ಲ. ಐದು ವರ್ಷ ಬಿಟ್ಟು, 2019ರಲ್ಲಿ, ಕಾಮನ್ ಕಾಸ್ ಮತ್ತು ಲೋಕನೀತಿ-ಸಿಎಸ್‌ಡಿಎಸ್ ಅನ್ನುವ ಸಂಸ್ಥೆಗಳು ದೇಶದ ಪೊಲೀಸರ ನಡುವೆ ಮಾಡಿದ ಸಮೀಕ್ಷೆ ಬಂತು. ಅದರಲ್ಲಿ ದಿನದ ಸರಾಸರಿ ದುಡಿಮೆ 14 ಗಂಟೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ.

ಹಾಗಾಗಿ ನಮ್ಮಲ್ಲಿ ಪಾಳಿ ಉದ್ದ ಮಾಡುವುದರ ಲಾಭ-ನಷ್ಟ ತೂಗುವಾಗ ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳಬೇಕು. ಕಾಗದದ ಮೇಲಿನ ಪಾಳಿ ಬೇರೆ, ಮನೆಗೆ ಹೋಗುವ ಹೊತ್ತು ಬೇರೆ. ನನ್ನ ವಾದ ಇಷ್ಟೇ: ಮಲೆನಾಡಿನ ಸಣ್ಣ ಠಾಣೆಗಳಿಗೆ ಹನ್ನೆರಡು ಗಂಟೆಯ ಪಾಳಿ ಕೆಟ್ಟದ್ದೇನಲ್ಲ. ಆದರೆ ಅದು ಹನ್ನೆರಡಕ್ಕೇ ನಿಲ್ಲುತ್ತದೆ, ಆಮೇಲೆ ನಿದ್ದೆಗೆ ಹೊತ್ತು ಸಿಗುತ್ತದೆ ಅನ್ನುವ ಖಾತ್ರಿ ಇರಬೇಕು. ಆ ಖಾತ್ರಿ ಇಲ್ಲದಿದ್ದರೆ ಎಂಟು ಗಂಟೆಯೂ ದಂಡ, ಹನ್ನೆರಡಂತೂ ಅಪಾಯ.

ಒಂದು ಕುರ್ಚಿಯ ಲೆಕ್ಕ

ಪಾಳಿ ಉದ್ದ ಮಾಡಿದರೆ ಕಮ್ಮಿ ಜನರಲ್ಲಿ ಕೆಲಸ ಆಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗೇನೂ ಆಗುವುದಿಲ್ಲ. ಠಾಣೆಯಲ್ಲಿ ಯಾವತ್ತೂ ಖಾಲಿ ಬಿಡಬಾರದ ಒಂದು ಜಾಗ ತೆಗೆದುಕೊಳ್ಳಿ, ಸೆಂಟ್ರಿ ಡ್ಯೂಟಿ ಅಂತಿಟ್ಟುಕೊಳ್ಳಿ. ವಾರಕ್ಕೆ 168 ಗಂಟೆ ಅಲ್ಲಿ ಯಾರಾದರೂ ಇರಲೇಬೇಕು. ಇಬ್ಬರಿಗೆ ಹಂಚಿದರೆ ತಲಾ 84 ಗಂಟೆ. ಮೂವರಿಗೆ ಹಂಚಿದರೆ 56. ನಾಲ್ವರಿಗೆ ಹಂಚಿದರೆ 42. ಪಾಳಿ ಎಂಟು ಗಂಟೆಯದ್ದಾಗಲಿ ಹನ್ನೆರಡು ಗಂಟೆಯದ್ದಾಗಲಿ, ಈ ಭಾಗಾಕಾರ ಬದಲಾಗುವುದಿಲ್ಲ.

ಬದಲಾಗುವುದು ದಿನಗಳ ಸಂಖ್ಯೆ. 42 ಗಂಟೆಯನ್ನು ಎಂಟೆಂಟಾಗಿ ದುಡಿದರೆ ವಾರದಲ್ಲಿ ಐದು ದಿನಕ್ಕಿಂತ ಸ್ವಲ್ಪ ಜಾಸ್ತಿ ಠಾಣೆಗೆ ಬರಬೇಕು. ಹನ್ನೆರಡರಂತೆ ದುಡಿದರೆ ಸರಾಸರಿ ಮೂರೂವರೆ ದಿನ ಸಾಕು. ಅಮೆರಿಕದವರು ಹನ್ನೆರಡು ಗಂಟೆ ಮೆಚ್ಚುವುದು ಈ ಕಾರಣಕ್ಕೆ, ಮತ್ತು ಅಲ್ಲಿ ನಾಲ್ಕು ತಂಡ ಇರುವುದರಿಂದ. ನಮ್ಮಲ್ಲಿ ಅದನ್ನು ಎರಡೇ ತಂಡದಲ್ಲಿ ಮಾಡಲು ಹೊರಡುತ್ತಾರೆ. ಆಗ ಅದು ವಾರಕ್ಕೆ 84 ಗಂಟೆಯ ಜೀತ.

ಇಲ್ಲಿ ಒಂದು ಹೋಲಿಕೆ ನೆನಪಾಗುತ್ತದೆ. 2023ರಲ್ಲಿ ಕರ್ನಾಟಕ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಕಾರ್ಮಿಕ ಸಂಘಟನೆಗಳು ಬೀದಿಗಿಳಿದವು. ಆ ತಿದ್ದುಪಡಿಯಲ್ಲೂ ವಾರಕ್ಕೆ 48 ಗಂಟೆ ಅನ್ನುವ ಮಿತಿ ಹಾಗೇ ಉಳಿಯಿತು. ಅದನ್ನು ದಾಟಿದರೆ ಓವರ್‌ಟೈಮ್ ಕೊಡಬೇಕಿತ್ತು. ಫ್ಯಾಕ್ಟರಿಯಲ್ಲಿ ಬೋಲ್ಟ್ ತಿರುಗಿಸುವವರಿಗೆ ಇರುವ ಮಿತಿ ಲಾಠಿ, ಬಂದೂಕು ಹಿಡಿದವರಿಗಿಲ್ಲ.

ಹಾಜರಿ ಪುಸ್ತಕದಲ್ಲಿ 24 ಹೆಸರು

ಮಲೆನಾಡಿನ ಒಂದು ಹೋಬಳಿ ಠಾಣೆ ಕಲ್ಪಿಸಿಕೊಳ್ಳಿ. ಹಾಜರಿ ಪುಸ್ತಕದಲ್ಲಿ 24 ಕಾನ್‌ಸ್ಟೇಬಲ್ ಮತ್ತು ಹೆಡ್ ಕಾನ್‌ಸ್ಟೇಬಲ್‌ಗಳ ಹೆಸರಿದೆ. ಕಾಗದದ ಮೇಲೆ ನೋಡಿದರೆ ಮೂರು ಪಾಳಿಗೆ ಎಂಟೆಂಟು ಜನ, ಭರ್ಜರಿ. ಈಗ ಒಬ್ಬೊಬ್ಬರನ್ನೇ ಕಳೆಯೋಣ. ಸ್ಟೇಷನ್ ರೈಟರ್ ಒಬ್ಬರು, ಅವರ ಸಹಾಯಕ್ಕೆ ಒಬ್ಬರು, ಕಂಪ್ಯೂಟರ್ ಮುಂದೆ ಎಫ್‌ಐಆರ್ ಹಾಕುವವರು ಒಬ್ಬರು. ಕೋರ್ಟ್ ಡ್ಯೂಟಿಗೆ ಒಬ್ಬರು. ಸಮನ್ಸ್, ವಾರೆಂಟ್ ಹಿಡಿದು ಊರೂರು ಸುತ್ತುವವರು ಇಬ್ಬರು. ಮಾಹಿತಿ ಕಲೆ ಹಾಕುವ ಮಫ್ತಿಯವರು ಒಬ್ಬರು. ಓಓಡಿ, ಅಂದರೆ ಬೇರೆ ಕಡೆಯ ಡ್ಯೂಟಿ ಅಂತ ಮೇಲಿನ ಕಚೇರಿಗೆ ಹೋಗಿ ಅಲ್ಲೇ ಉಳಿದವರು ಇಬ್ಬರು (ಅವರ ಹೆಸರು ಮಾತ್ರ ಇಲ್ಲಿ, ಸಂಬಳದ ಬಿಲ್ಲಿನ ಹಾಗೆ). ತರಬೇತಿಗೆ ಒಬ್ಬರು, ರಜೆಯಲ್ಲಿ ಇಬ್ಬರು. ಒಟ್ಟು ಹನ್ನೆರಡು ಹೋಯಿತು. ಉಳಿದಿದ್ದು ಹನ್ನೆರಡು.

ಈ ಹನ್ನೆರಡು ಜನರನ್ನು ಮೂರು ತಂಡ ಮಾಡಿದರೆ ಒಂದು ಹೊತ್ತಿಗೆ ನಾಲ್ವರು. ಆದರೆ ವಾರದ ರಜೆ ಇಲ್ಲ. ನಾಲ್ಕು ತಂಡ ಮಾಡಿದರೆ ರಜೆ ಸಿಗುತ್ತದೆ, ಆದರೆ ಒಂದು ಹೊತ್ತಿಗೆ ಮೂವರು. ಸೆಂಟ್ರಿಗೆ ಒಬ್ಬರು, ಠಾಣೆಯ ಉಸ್ತುವಾರಿಗೆ ಒಬ್ಬರು. ಉಳಿದ ಒಬ್ಬರು ರಾತ್ರಿ ಬೀಟ್‌ಗೆ ಒಂಟಿಯಾಗಿ ಬೈಕಲ್ಲಿ ಹೋಗಬೇಕು. ಅಡಿಕೆ ಕಳ್ಳತನದ ದೂರು ಬಂತು ಅಂತಿಟ್ಟುಕೊಳ್ಳಿ. ಕೊಯ್ಲಿನ ಹಂಗಾಮಿನಲ್ಲಿ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ರಾತ್ರೋರಾತ್ರಿ ಮಾಯವಾಗುವುದು ನಮ್ಮ ಕಡೆ ಹೊಸದೇನಲ್ಲ. ಮೊಬೈಲ್ ಸಿಗ್ನಲ್ ಇಲ್ಲದ, ದಾರಿದೀಪ ಇಲ್ಲದ ಕಾಡು ದಾರಿಯಲ್ಲಿ ಒಬ್ಬರನ್ನೇ ಕಳಿಸಲು ಯಾವ ಪಿಎಸ್‌ಐಗೂ ಮನಸ್ಸಾಗುವುದಿಲ್ಲ. ಆಗ ಏನಾಗುತ್ತದೆ? ಹಗಲು ಪಾಳಿ ಮುಗಿಸಿದವರಲ್ಲಿ ಒಬ್ಬರನ್ನು, ಇವತ್ತೊಂದಿನ ಇರಿ ಅಂತ ನಿಲ್ಲಿಸಿಕೊಳ್ಳುತ್ತಾರೆ. ಎಂಟು ಗಂಟೆಯ ಪಾಳಿ ಸಾಯುವುದು ಹೀಗೆ. ಯಾರೂ ಅದನ್ನು ರದ್ದು ಮಾಡಿ ಆದೇಶ ಹೊರಡಿಸುವುದಿಲ್ಲ.

ನಗರದ ಠಾಣೆಯಲ್ಲಿ ಒಬ್ಬರು ಕಮ್ಮಿ ಬಿದ್ದರೆ ಪಕ್ಕದ ಠಾಣೆಯಿಂದ ಕರೆಸಬಹುದು. ಶಿವಮೊಗ್ಗದ ದೊಡ್ಡಪೇಟೆ ಠಾಣೆಗೂ ಕೋಟೆ ಠಾಣೆಗೂ ಎಷ್ಟು ದೂರ? ಆಗುಂಬೆಯಿಂದ ತೀರ್ಥಹಳ್ಳಿಗೆ ಸುಮಾರು 30 ಕಿಲೋಮೀಟರ್, ಅದೂ ಮಳೆಗಾಲದಲ್ಲಿ. ಮರ ಬಿದ್ದರೆ ಅದೂ ಇಲ್ಲ. ದೇಶದಲ್ಲಿ ಎಂಟು ಗಂಟೆ ಪಾಳಿ ಜಾರಿಗೆ ಬರಬೇಕಾದರೆ ಠಾಣೆಗಳ ಮಂಜೂರಾತಿ ಬಲವನ್ನು 1.68 ಪಟ್ಟು ಮಾಡಬೇಕು ಅಂತ ಆ 2014ರ ಅಧ್ಯಯನ ಲೆಕ್ಕ ಹಾಕಿತ್ತು. ಅದು ಸರಾಸರಿ. ಗುಡ್ಡಗಾಡಿನ ಠಾಣೆಗೆ ಸರಾಸರಿ ಹಿಡಿಸುವುದಿಲ್ಲ. ಜನಸಂಖ್ಯೆ ಕಮ್ಮಿ ಅಂತ ಸಿಬ್ಬಂದಿ ಕಮ್ಮಿ ಕೊಡುತ್ತಾರೆ, ಆದರೆ ಸುತ್ತಬೇಕಾದ ದಾರಿ ಜಾಸ್ತಿ.

ಉದ್ದ ಪಾಳಿಯ ಪರವಾಗಿ

ಹನ್ನೆರಡು ಗಂಟೆಯನ್ನು ಸಾರಾಸಗಟಾಗಿ ತಳ್ಳಿಹಾಕುವವರು ಮಲೆನಾಡಿನ ಪೊಲೀಸರ ಸಂಸಾರ ನೋಡಿರಲಿಕ್ಕಿಲ್ಲ. ಹೆಂಡತಿ-ಮಕ್ಕಳು ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಇರುತ್ತಾರೆ, ಶಾಲೆ-ಕಾಲೇಜಿನ ಕಾರಣಕ್ಕೆ. ಡ್ಯೂಟಿ ಇರುವುದು ನಗರದಲ್ಲೋ ಕಾರ್ಗಲ್‌ನಲ್ಲೋ. (ನಗರ ಅಂದರೆ ಹೊಸನಗರ ತಾಲ್ಲೂಕಿನ ನಗರ, ಪೇಟೆ ಅಲ್ಲ. ಹೊರಗಿನವರು ಇಲ್ಲಿ ಯಾವಾಗಲೂ ಎಡವುತ್ತಾರೆ.) ಎಂಟು ಗಂಟೆ ದುಡಿದು ದಿನಾ ಮನೆಗೆ ಹೋಗಿ ಬರುವ ಮಾತೇ ಇಲ್ಲ. ಬಸ್ಸಲ್ಲಿ ಎರಡು-ಮೂರು ಗಂಟೆ ಒಂದು ಕಡೆಗೆ. ಇಂಥವರಿಗೆ ದಿನಕ್ಕೆ 16 ಗಂಟೆ ಬಿಡುವು ಕೊಟ್ಟರೂ ಅದು ಕ್ವಾರ್ಟರ್ಸ್‌ನ ಮಂಚದ ಮೇಲೆ ಕಳೆಯುತ್ತದೆ. ಮೂರು ದಿನ ಹನ್ನೆರಡರಂತೆ ದುಡಿದು ಮೂರು ದಿನ ಊರಿಗೆ ಹೋಗುವ ಹಾಗಿದ್ದರೆ? ತೋಟ ನೋಡಿಕೊಳ್ಳಬಹುದು, ಅಪ್ಪ-ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು. ಕೇಳಿ ನೋಡಿ, ಬಹಳ ಜನ ಇದಕ್ಕೇ ಕೈ ಎತ್ತುತ್ತಾರೆ ಅನ್ನುವುದು ನನ್ನ ಅಂದಾಜು.

ಚಾರ್ಜ್ ಒಪ್ಪಿಸುವ ಕೆಲಸವೂ ಕಮ್ಮಿಯಾಗುತ್ತದೆ. ಪಾಳಿ ಬದಲಾಗುವಾಗ ಏನೇನು ನಡೆಯುತ್ತದೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ಬಂದೂಕು, ಗುಂಡು ಎಣಿಸಬೇಕು. ಲಾಕಪ್ಪಿನಲ್ಲಿ ಯಾರಿದ್ದಾರೆ, ಊಟ ಕೊಟ್ಟಾಯಿತಾ, ಮೈಮೇಲೆ ಗಾಯ ಇದೆಯಾ ನೋಡಬೇಕು. ವಾಕಿಟಾಕಿ, ಜೀಪಿನ ಡೀಸೆಲ್, ಮುದ್ದೆಮಾಲು (ಜಪ್ತಿ ಮಾಡಿದ ವಸ್ತು) ಕೋಣೆಯ ಬೀಗ, ಠಾಣಾ ದಿನಚರಿಯಲ್ಲಿ ಬರೆದಿದ್ದು, ಬರೆಯದೆ ಬಾಯಲ್ಲಿ ಹೇಳಬೇಕಾದ್ದು. ಸರಿಯಾಗಿ ಮಾಡಿದರೆ ಅರ್ಧ ಗಂಟೆ ಹಿಡಿಯುತ್ತದೆ. ದಿನಕ್ಕೆ ಮೂರು ಸಲ ಮಾಡುವ ಬದಲು ಎರಡು ಸಲ ಮಾಡಿದರೆ ಹೊತ್ತು ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಾತು ಕೈತಪ್ಪುವುದು ಕಮ್ಮಿಯಾಗುತ್ತದೆ. ಬೆಳಗ್ಗೆ ದೂರು ಕೊಟ್ಟ ಮುದುಕಿ ಮಧ್ಯಾಹ್ನ ಬಂದಾಗ ಅದೇ ಮುಖ ಕಂಡರೆ ಕಥೆ ಮತ್ತೆ ಮೊದಲಿಂದ ಹೇಳಬೇಕಾಗಿಲ್ಲ.

ಅಮೆರಿಕದ ಪೊಲೀಸ್ ಫೌಂಡೇಷನ್ 2011ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೊಂದು ಕುತೂಹಲದ ವಿಷಯ ಹೇಳುತ್ತದೆ. ಡೆಟ್ರಾಯಿಟ್ ಮತ್ತು ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಪೊಲೀಸರನ್ನು ಚೀಟಿ ಎತ್ತಿದ ಹಾಗೆ 8, 10, 12 ಗಂಟೆಯ ಪಾಳಿಗಳಿಗೆ ಹಂಚಿದರು. ಎಂಟು ಗಂಟೆಯವರು ಎರಡು ವಾರಕ್ಕೆ ಸರಾಸರಿ 5.75 ಗಂಟೆ ಓವರ್‌ಟೈಮ್ ಮಾಡಿದರೆ, ಹನ್ನೆರಡು ಗಂಟೆಯವರು ಮಾಡಿದ್ದು 1.89. ಹತ್ತು ಗಂಟೆಯವರು ಇನ್ನೂ ಕಮ್ಮಿ, 0.97. ಎಂಟು ಗಂಟೆಯ ಪಾಳಿಯಲ್ಲೇ ಕೆಲಸ ಹೆಚ್ಚಾಗಿ ಅಂಚು ದಾಟಿ ಚೆಲ್ಲಿತು. ಕೆಲಸದ ಗುಣಮಟ್ಟ, ಆರೋಗ್ಯ, ಮನೆ-ಕೆಲಸದ ತಿಕ್ಕಾಟ ಇವುಗಳಲ್ಲಿ ಮೂರೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆದರೆ ನಿದ್ದೆ

ಅದೇ ಪ್ರಯೋಗದಲ್ಲಿ ಹನ್ನೆರಡು ಗಂಟೆಯವರು ಎಂಟು ಗಂಟೆಯವರಿಗಿಂತ ಹೆಚ್ಚು ತೂಕಡಿಕೆ, ಕಡಿಮೆ ಎಚ್ಚರ ವರದಿ ಮಾಡಿದರು. ಹತ್ತು ಗಂಟೆಯವರು ಎಂಟು ಗಂಟೆಯವರಿಗಿಂತ ರಾತ್ರಿಗೆ ಅರ್ಧ ಗಂಟೆಗೂ ಹೆಚ್ಚು ಜಾಸ್ತಿ ಮಲಗಿದರು. ಹನ್ನೆರಡು ಗಂಟೆಯವರಿಗೆ ಆ ಲಾಭ ದಕ್ಕಲಿಲ್ಲ. ಅಂದರೆ ಹತ್ತರಾಚೆ ಎಲ್ಲೋ ಒಂದು ಗೆರೆ ಇದೆ. ಅರಿಜೋನಾದ ಫೀನಿಕ್ಸ್‌ನಲ್ಲಿ ಆ ಗೆರೆ ದಾಟಿಯೂ ನೋಡಿದರು. ದಿನಕ್ಕೆ 13 ಗಂಟೆ 20 ನಿಮಿಷ, ವಾರಕ್ಕೆ ಮೂರು ದಿನ. ನಾಲ್ಕು ದಿನ ರಜೆ ಅಂದರೆ ಯಾರಿಗೆ ಬೇಡ? ಆದರೆ ನಿದ್ದೆ ಇಳಿಯಿತು, ಗಮನ ಕದಲಿತು, ಅವರ ಮೇಲಿನ ದೂರುಗಳು ಹೆಚ್ಚಿದವು.

ಈ ಕೊನೆಯದನ್ನು ಸ್ವಲ್ಪ ನಿಂತು ನೋಡಬೇಕು. ನಿದ್ದೆ ಕೆಟ್ಟಾಗ ಮೊದಲು ಹೋಗುವುದು ತಾಳ್ಮೆ. ಠಾಣೆಗೆ ದೂರು ಕೊಡಲು ಹೋದಾಗ ಸಾಹೇಬರು ಗದರಿದರು, ಪೇದೆ ಏಕವಚನದಲ್ಲಿ ಮಾತಾಡಿದರು ಅನ್ನುವುದು ನಮ್ಮಲ್ಲಿ ಸಾಮಾನ್ಯ ದೂರು. ಎಲ್ಲಕ್ಕೂ ನಿದ್ದೆಯೇ ಕಾರಣ ಅಂದರೆ ಅದು ನೆಪವಾಗುತ್ತದೆ. ಕೆಟ್ಟ ನಡತೆಗೆ ಬೇರೆ ಬೇರುಗಳೂ ಇವೆ. ಆದರೂ ಡ್ಯೂಟಿಯ ಹದಿನಾರನೇ ಗಂಟೆಯಲ್ಲಿ ಇರುವ ಮನುಷ್ಯನಿಂದ ಸಮಾಧಾನ ನಿರೀಕ್ಷಿಸುವುದು ಕಷ್ಟ ಅಲ್ವಾ?

ಅಮೆರಿಕ ಮತ್ತು ಕೆನಡಾದ ಸುಮಾರು 5,000 ಪೊಲೀಸರನ್ನು ಪರೀಕ್ಷಿಸಿ 2011ರಲ್ಲೇ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಶೇ 40ರಷ್ಟು ಜನರಿಗೆ ಒಂದಲ್ಲ ಒಂದು ನಿದ್ದೆಯ ತೊಂದರೆಯ ಲಕ್ಷಣ ಇತ್ತು. ಹೆಚ್ಚಿನವರಿಗೆ ಅದು ಗೊತ್ತೇ ಇರಲಿಲ್ಲ. ಗೊರಕೆ, ಉಸಿರುಕಟ್ಟುವಿಕೆ, ಹಗಲಲ್ಲಿ ತೂಕಡಿಕೆ. ನಮ್ಮ ಕಡೆ ಇದನ್ನು ಕಾಯಿಲೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮಲೆನಾಡಿನಲ್ಲಿ ನಿದ್ದೆಗೆಟ್ಟ ಚಾಲಕನ ಅಪಾಯ ಎರಡು ಪಟ್ಟು. ಆಗುಂಬೆ ಘಾಟಿಯಲ್ಲಿ 14 ತಿರುವು. ಜುಲೈ ರಾತ್ರಿಯಲ್ಲಿ ಮಂಜು ಬಿದ್ದರೆ ಬಾನೆಟ್ ಆಚೆ ಏನೂ ಕಾಣುವುದಿಲ್ಲ. ಲಾರಿ ಕೆಟ್ಟು ನಿಂತಿದೆ ಅಂತ ಫೋನ್ ಬಂದರೆ ಠಾಣೆಯ ಜೀಪ್ ಹೋಗಲೇಬೇಕು. ಓಡಿಸುವವರು ಡ್ಯೂಟಿಯ ಹನ್ನೊಂದನೇ ಗಂಟೆಯಲ್ಲಿದ್ದರೆ ಅವರಿಗೂ ಅಪಾಯ, ಎದುರು ಬರುವವರಿಗೂ.

ಮಳೆಗಾಲದ ಇನ್ನೊಂದು ಸಂಗತಿ ಬೆಂಗಳೂರಿನ ಕಚೇರಿಯಲ್ಲಿ ಪಾಳಿ ಬರೆಯುವವರಿಗೆ ಹೊಳೆಯುವುದೇ ಇಲ್ಲ. ಶೂ ಒಣಗುವುದಿಲ್ಲ. ಹನ್ನೆರಡು ಗಂಟೆ ಮಳೆಯಲ್ಲಿ ಪಾಯಿಂಟ್ ಡ್ಯೂಟಿ ಮಾಡಿ ಬಂದವರು ಶೂ ಒಳಗೆ ಹಳೇ ಪೇಪರ್ ತುರುಕಿ, ಒಲೆ ಹತ್ತಿರ ಇಟ್ಟು, ಬೆಳಗ್ಗೆ ಅದೇ ಒದ್ದೆ ಶೂ ಹಾಕಿಕೊಂಡು ಹೊರಡುತ್ತಾರೆ. ಖಾಕಿಯೂ ಅಷ್ಟೇ. ಕಾಲ್ಬೆರಳ ಸಂದಿ ಕೊಳೆತು ಹುಣ್ಣಾಗುವುದು ಇಲ್ಲಿನ ಕೂಲಿಗಳಿಗೆ ಗೊತ್ತು, ಪೊಲೀಸರಿಗೂ ಗೊತ್ತು. ಉದ್ದ ಪಾಳಿ ಹಾಕುವವರು ಎರಡನೇ ಜೊತೆ ಶೂ, ಒಳ್ಳೆ ರೇನ್‌ಕೋಟ್ ಕೊಡುವ ಮಾತನ್ನೂ ಆಡಬೇಕು. 2025ರ ಅಕ್ಟೋಬರ್‌ನಲ್ಲಿ ಕಾನ್‌ಸ್ಟೇಬಲ್‌ಗಳ ಹಳೇ ಸ್ಲೋಚ್ ಹ್ಯಾಟ್ ಹೋಗಿ ಪೀಕ್ ಕ್ಯಾಪ್ ಬಂತು. ಒಳ್ಳೆಯದೇ ಆಯಿತು, ಆ ಹ್ಯಾಟು ತಲೆಗೆ ಭಾರವಾಗಿತ್ತು. ತಲೆಯಿಂದ ಶುರುವಾದ ಸುಧಾರಣೆ ಕಾಲಿನವರೆಗೂ ಇಳಿಯಲಿ.

ಮಹಿಳಾ ಸಿಬ್ಬಂದಿಯ ಕಷ್ಟ ಇನ್ನೂ ನೇರವಾದದ್ದು. ಜಾತ್ರೆಯ ಬಂದೋಬಸ್ತ್‌ನಲ್ಲಿ ಹನ್ನೆರಡು ಗಂಟೆ ನಿಲ್ಲಿಸಿದ ಜಾಗದಲ್ಲಿ ಶೌಚಾಲಯ ಇರುವುದಿಲ್ಲ. ಅದಕ್ಕೇ ನೀರು ಕುಡಿಯದೆ ದಿನ ಕಳೆಯುತ್ತಾರೆ. ಎದೆಹಾಲು ಕುಡಿಯುವ ಮಗು ಮನೆಯಲ್ಲಿದ್ದರೆ ಎಂಟು ಗಂಟೆಗೂ ಹನ್ನೆರಡು ಗಂಟೆಗೂ ಇರುವ ನಾಲ್ಕು ಗಂಟೆಯ ಅಂತರ ಸಣ್ಣದಲ್ಲ. ಎಲ್ಲರಿಗೂ ಒಂದೇ ಪಾಳಿ ಅನ್ನುವ ಹಟ ಇಲ್ಲೇ ಮುರಿಯುತ್ತದೆ.

ಹತ್ತು ಗಂಟೆ ಯಾಕಾಗಬಾರದು?

ಆಗಬಹುದು, ಆದರೆ ದುಬಾರಿ. ಹತ್ತರಂತೆ ಮೂರು ಪಾಳಿ ಹಾಕಿದರೆ ದಿನಕ್ಕೆ 30 ಗಂಟೆಯ ದುಡಿಮೆ ಬೇಕು. ಆರು ಗಂಟೆ ಹೊತ್ತು ಎರಡು ತಂಡ ಒಟ್ಟಿಗೆ ಇರುತ್ತವೆ. ಶಿವಮೊಗ್ಗ ಪೇಟೆಗೆ ಇದು ವರ. ಸಂಜೆ ಗಾಂಧಿ ಬಜಾರ್, ನೆಹರೂ ರಸ್ತೆ ಗಿಜಿಗುಟ್ಟುವ ಹೊತ್ತಿಗೆ ಎರಡು ತಂಡ ಸಿಗುತ್ತದೆ. ಆದರೆ ಒಂದು ಕುರ್ಚಿಗೆ 42 ಗಂಟೆಯ ಲೆಕ್ಕದಲ್ಲಿ ನಾಲ್ವರ ಬದಲು ಐವರು ಬೇಕು. ಹೋಬಳಿ ಠಾಣೆಯಲ್ಲಿ ಆ ಐದನೆಯವರನ್ನು ಎಲ್ಲಿಂದ ತರುವುದು?

ತರುವ ದಾರಿ ನೇಮಕಾತಿ. ಅದರ ಕಥೆ ಎಲ್ಲರಿಗೂ ಗೊತ್ತು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. ಮೋಸ ಮಾಡಿದವರ ಸುದ್ದಿ ಟಿವಿಯಲ್ಲಿ ಬೇಕಾದಷ್ಟು ಬಂತು. ಆ ಹುದ್ದೆಗಳು ಖಾಲಿ ಬಿದ್ದಿದ್ದಕ್ಕೆ ಜಾಸ್ತಿ ದುಡಿದವರ ಸುದ್ದಿ ಬರಲಿಲ್ಲ.

ಅತ್ತ ಕೆಲಸ ಮಾತ್ರ ಬೆಳೆಯುತ್ತಲೇ ಇದೆ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂತು. ಶೋಧ, ಜಪ್ತಿ ಎಲ್ಲ ವಿಡಿಯೋ ಆಗಬೇಕು. ಇದು ಬೇಕಾದ ಸುಧಾರಣೆಯೇ, ಆದರೆ ಒಂದು ಪಂಚನಾಮೆಗೆ ಹಿಡಿಯುವ ಹೊತ್ತು ಹೆಚ್ಚಿತು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು. ಬೀಟ್ ಸಿಬ್ಬಂದಿ ಮನೆಮನೆಗೆ ಹೋಗಿ ಕಷ್ಟಸುಖ ಕೇಳುವುದು ಒಳ್ಳೆಯ ಯೋಚನೆ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ತೋಟ, ಗದ್ದೆ, ಹಳ್ಳ ದಾಟಬೇಕು ಅನ್ನುವುದು ಯೋಜನೆ ಬರೆದವರ ಗಮನಕ್ಕೆ ಬಂದಿತ್ತೋ ಇಲ್ಲವೋ. ಅದೇ ತಿಂಗಳು ಸಿಗಂದೂರಿನ ಹೊಸ ಸೇತುವೆ ತೆರೆಯಿತು. ಹಿನ್ನೀರು ದಾಟಿಸುವ ಲಾಂಚ್ ಇದ್ದಾಗ ಸಂಜೆಯಾದರೆ ಆ ಕಡೆಯ ಓಡಾಟ ನಿಲ್ಲುತ್ತಿತ್ತು. ಈಗ 2.44 ಕಿಲೋಮೀಟರ್ ಸೇತುವೆ ಮೇಲೆ ರಾತ್ರಿಯೂ ಗಾಡಿ ಓಡುತ್ತವೆ. ಜನರಿಗೆ ದೊಡ್ಡ ಅನುಕೂಲ, ರಾತ್ರಿ ರೌಂಡ್ಸ್‌ನವರಿಗೆ ಹೊಸ ಡ್ಯೂಟಿ.

ಬಂದೋಬಸ್ತ್ ಬಂದರೆ ಪಾಳಿ ಮಾಯ

ಇದುವರೆಗೆ ಹೇಳಿದ್ದೆಲ್ಲ ಮಾಮೂಲಿ ದಿನಗಳ ಲೆಕ್ಕ. ಶಿವಮೊಗ್ಗದಲ್ಲಿ ಮಾಮೂಲಿ ದಿನ ಎಷ್ಟಿವೆ ಅನ್ನುವುದೇ ಪ್ರಶ್ನೆ. ಹಿಂದೂ ಮಹಾಸಭಾ ಗಣಪತಿಯ ಮೆರವಣಿಗೆ, ಈದ್ ಮಿಲಾದ್ ಮೆರವಣಿಗೆ, ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬಾ ಜಾತ್ರೆ, ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಕಾಂಬಾ ಜಾತ್ರೆ, ಮಳೆಗಾಲದ ಶನಿವಾರ-ಭಾನುವಾರ ಜೋಗದ ಜನಜಂಗುಳಿ. ಜೊತೆಗೆ ಚುನಾವಣೆ, ಮಂತ್ರಿಗಳ ಪ್ರವಾಸ. 2022ರ ಫೆಬ್ರುವರಿಯಲ್ಲಿ ಊರಲ್ಲಿ ಕರ್ಫ್ಯೂ ಬಿತ್ತು, ಅದೇ ಆಗಸ್ಟ್‌ನಲ್ಲಿ ಫ್ಲೆಕ್ಸ್ ವಿಚಾರಕ್ಕೆ ಮತ್ತೆ ನಿಷೇಧಾಜ್ಞೆ, 2023ರ ಅಕ್ಟೋಬರ್‌ನಲ್ಲಿ ರಾಗಿಗುಡ್ಡದಲ್ಲಿ ಗಲಾಟೆ. ಇಂಥ ಹೊತ್ತಲ್ಲಿ ಮಾಚೇನಹಳ್ಳಿಯ ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ಪಡೆ ಬಂದರೂ ಠಾಣೆಯವರಿಗೆ ಬಿಡುವಿಲ್ಲ. ರಜೆ ರದ್ದು, ಪಾಳಿ ರದ್ದು. ಗಲ್ಲಿ ಗಲ್ಲಿಯ ಪರಿಚಯ ಇರುವವರು ಠಾಣೆಯವರೇ ತಾನೇ.

ಬಂದೋಬಸ್ತ್ ಬೇಡ ಅನ್ನಲು ಬರುವುದಿಲ್ಲ. ಆದರೆ ಅದರ ಮಾರನೇ ದಿನದ ಬಗ್ಗೆ ಬರೆದಿಡಬಹುದು. ಯುರೋಪಿನ ಒಕ್ಕೂಟದ 2003ರ ಕೆಲಸದ ಅವಧಿ ನಿರ್ದೇಶನದಲ್ಲಿ ಒಂದು ಸರಳ ನಿಯಮ ಇದೆ: ಪ್ರತಿ 24 ಗಂಟೆಯಲ್ಲಿ ಸತತ 11 ಗಂಟೆ ಬಿಡುವು. ತುರ್ತು ಕೆಲಸಗಳಿಗೆ ವಿನಾಯಿತಿ ಉಂಟು, ಆದರೆ ತಪ್ಪಿದ ಬಿಡುವನ್ನು ಆಮೇಲೆ ತುಂಬಿಕೊಡಬೇಕು. ನನಗೆ ಎಂಟೋ ಹನ್ನೆರಡೋ ಅನ್ನುವ ಜಗಳಕ್ಕಿಂತ ಈ ನಿಯಮ ಹೆಚ್ಚು ಕೆಲಸಕ್ಕೆ ಬರುವಂಥದ್ದು ಅನಿಸುತ್ತದೆ. ಪಾಳಿ ಉದ್ದದ ಮೇಲೆ ಮಿತಿ ಹಾಕಿದರೆ ಗಲಾಟೆಯ ದಿನ ಅದು ಮುರಿಯುತ್ತದೆ. ಬಿಡುವಿನ ಮೇಲೆ ಮಿತಿ ಹಾಕಿದರೆ ಗಲಾಟೆ ಮುಗಿದ ಮೇಲಾದರೂ ಪಾಲಿಸಲೇಬೇಕಾಗುತ್ತದೆ.

ಹನ್ನೆರಡು ಗಂಟೆ ಪಾಳಿಗೆ ನನ್ನ ದೊಡ್ಡ ಭಯ ಇದೇ ಜಾಗದಲ್ಲಿ. ಎಂಟು ಗಂಟೆಯ ಪಾಳಿ ನಾಲ್ಕು ಗಂಟೆ ಜಾರಿದರೆ ಹನ್ನೆರಡಾಗುತ್ತದೆ, ತಡೆದುಕೊಳ್ಳಬಹುದು. ಹನ್ನೆರಡರದ್ದು ನಾಲ್ಕು ಗಂಟೆ ಜಾರಿದರೆ ಹದಿನಾರು. ಉಳಿದ ಎಂಟು ಗಂಟೆಯಲ್ಲಿ ಊಟ, ಸ್ನಾನ, ನಿದ್ದೆ, ಮತ್ತೆ ಹೊರಡುವುದು. ಅಲ್ಲಿ ಸರಿದೂಗಿಸಲು ಜಾಗವೇ ಇಲ್ಲ. ಪೊಲೀಸ್ ಕೆಲಸ ಜಾರುವುದು ಸಹಜ. ಸಂಜೆ ಐದಕ್ಕೆ ಆರೋಪಿ ಸಿಕ್ಕರೆ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ವೈದ್ಯಕೀಯ ತಪಾಸಣೆ, ಹೇಳಿಕೆ, ಕಾಗದ-ಪತ್ರ ಎಲ್ಲ ಆ ರಾತ್ರಿಯೇ ಆಗಬೇಕು. ಹಿಡಿದವರೇ ಬರೆಯಬೇಕು. ರಾತ್ರಿ ಪಾಳಿ ಮುಗಿಸಿದವರಿಗೆ ಬೆಳಗ್ಗೆ ಹನ್ನೊಂದಕ್ಕೆ ಸಾಕ್ಷಿ ಹೇಳಲು ಕೋರ್ಟ್ ಕರೆದರೆ ಅದೂ ಬಿಡುವಿನ ಖಾತೆಯಿಂದಲೇ ಹೋಗುತ್ತದೆ.

ಇದನ್ನು ಯಾರು ಕೇಳಬೇಕು?

ಬೇರೆ ಕೆಲಸದವರಾದರೆ ಯೂನಿಯನ್ ಕೇಳುತ್ತಿತ್ತು. ಪೊಲೀಸರು ಸಂಘ ಕಟ್ಟುವುದಕ್ಕೆ 1966ರ ಕೇಂದ್ರ ಕಾಯ್ದೆ ಬಿಗಿ ನಿರ್ಬಂಧ ಹಾಕಿದೆ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಕರ್ನಾಟಕದ ಪೊಲೀಸರಲ್ಲಿ ಕರೆ ಹೋದಾಗ ಸರ್ಕಾರ ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಎಸ್ಮಾ ಕಾಯ್ದೆ ಹಿಡಿದು ನಿಂತಿತು. ಆಮೇಲೆ ಪೊಲೀಸ್ ಅಧಿಕಾರಿ ಔರಾದ್ಕರ್ ಅವರ ಸಮಿತಿ ಬಂತು, 2019ರಲ್ಲಿ ಸಂಬಳದ ವಿಚಾರ ಅಷ್ಟಿಷ್ಟು ಸುಧಾರಿಸಿತು. ಹೊತ್ತಿನ ವಿಚಾರ ಹಾಗೇ ಉಳಿಯಿತು.

ಮೇಲಿನವರ ಬಳಿ ಒಂದು ಸಿದ್ಧ ಉತ್ತರ ಇರುತ್ತದೆ: ಪೊಲೀಸ್ ಅಂದರೆ 24 ಗಂಟೆ ಡ್ಯೂಟಿ. ಇದರ ಬೇರು 1861ರ ಪೊಲೀಸ್ ಕಾಯ್ದೆಯ 22ನೇ ಸೆಕ್ಷನ್‌ನಲ್ಲಿದೆ. ಪೊಲೀಸ್ ಅಧಿಕಾರಿ ಯಾವಾಗಲೂ ಕರ್ತವ್ಯದಲ್ಲಿ ಇರುವವನೆಂದು ಪರಿಗಣಿಸಬೇಕು, ಎಲ್ಲಿಗೆ ಬೇಕಾದರೂ ನಿಯೋಜಿಸಬಹುದು ಅಂತ ಅದು ಹೇಳುತ್ತದೆ. ನನ್ನ ಪ್ರಕಾರ ಅದು ಅಧಿಕಾರದ ಮಾತು. ರಜೆಯಲ್ಲಿದ್ದಾಗ ಕಣ್ಣೆದುರು ಕಳ್ಳತನ ಆದರೂ ಸುಮ್ಮನಿರುವಂತಿಲ್ಲ ಅಂತ. ದಿನಾ 14 ಗಂಟೆ ನಿಲ್ಲಿಸಿ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.

ಮುಂಬೈನಲ್ಲಿ ದಾರಿ ತೋರಿಸಿದ್ದು ಒಬ್ಬ ಕಾನ್‌ಸ್ಟೇಬಲ್. ದೇವನಾರ್ ಠಾಣೆಯಲ್ಲಿದ್ದ ಅವರು ತಮ್ಮ ಠಾಣೆಯ ಹಾಜರಿ ಪಟ್ಟಿ ಹಿಡಿದು ಎಂಟು ಗಂಟೆ ಪಾಳಿ ಹೇಗೆ ಹೊಂದಿಸಬಹುದು ಅಂತ ಲೆಕ್ಕ ಮಾಡಿ ಮೇಲಿನವರ ಮುಂದಿಟ್ಟರು. ಆಗ ಕಮಿಷನರ್ ಆಗಿದ್ದ ದತ್ತಾ ಪಡಸಲಗೀಕರ್ 2016ರ ಮೇನಲ್ಲಿ ಅದೇ ಠಾಣೆಯಲ್ಲಿ ಪ್ರಯೋಗ ಮಾಡಿಸಿದರು. ಆಮೇಲೆ ಬೇರೆ ಠಾಣೆಗಳಿಗೂ ಹೋಯಿತು. ಎಲ್ಲ ಕಡೆ ಗಟ್ಟಿಯಾಗಿ ನಿಲ್ಲಲಿಲ್ಲ, ಜನ ಕಮ್ಮಿ ಇದ್ದಲ್ಲಿ ಮತ್ತೆ ಹಳೇ ರೂಢಿ. ಆದರೂ ಠಾಣೆಯ ಲೆಕ್ಕ ಠಾಣೆಯವರಿಗೇ ಚೆನ್ನಾಗಿ ಗೊತ್ತು ಅನ್ನುವುದು ಅಲ್ಲಿ ಕಂಡಿತು.

ಶಿವಮೊಗ್ಗ ಜಿಲ್ಲೆಯಲ್ಲಿ ಹೀಗೊಂದು ಪ್ರಯೋಗ ಮಾಡುವುದಾದರೆ ನಾನು ಹೀಗೆ ಹಂಚುತ್ತೇನೆ. ಶಿವಮೊಗ್ಗ ಪೇಟೆಯ ಒಂದು ಠಾಣೆಯಲ್ಲಿ ಎಂಟು ಗಂಟೆ. ತೀರ್ಥಹಳ್ಳಿ ಅಥವಾ ಹೊಸನಗರ ತಾಲ್ಲೂಕಿನ ಒಂದು ಸಣ್ಣ ಠಾಣೆಯಲ್ಲಿ ನಾಲ್ಕು ತಂಡದ ಹನ್ನೆರಡು ಗಂಟೆ. ಆದರೆ ಜೀಪ್ ಓಡಿಸುವವರಿಗೆ ಅಲ್ಲೂ ಎಂಟೇ, ಸತತ ರಾತ್ರಿ ಪಾಳಿ ಮೂರಕ್ಕಿಂತ ಜಾಸ್ತಿ ಬೇಡ. ಓಓಡಿ ಮೇಲೆ ಹೋದವರನ್ನು ಮೊದಲು ವಾಪಸ್ ಕರೆಸಬೇಕು. ನಮ್ಮ ಲೆಕ್ಕದ ಠಾಣೆಯಲ್ಲಿ ಅಂಥವರು ಇಬ್ಬರು, ಅಂದರೆ ರಾತ್ರಿ ಬೀಟ್‌ಗೆ ಒಂಟಿಯಾಗಿ ಹೋಗುವುದು ಕೆಲವು ದಿನವಾದರೂ ತಪ್ಪುತ್ತದೆ. ಎರಡೂ ಠಾಣೆಗಳಲ್ಲಿ 11 ಗಂಟೆ ಬಿಡುವಿನ ನಿಯಮ ಇರಲಿ. ದಿನಚರಿಯಲ್ಲಿ ಡ್ಯೂಟಿಗೆ ಬಂದ ಹೊತ್ತಿನ ಪಕ್ಕದಲ್ಲೇ ಬಿಟ್ಟು ಹೋದ ಹೊತ್ತನ್ನೂ, ನಿಜವಾದ ಹೊತ್ತನ್ನು, ಅವರವರೇ ಬರೆದು ಸಹಿ ಹಾಕಲಿ. ಪ್ರಯೋಗಕ್ಕೆ ಫೆಬ್ರುವರಿ-ಮಾರ್ಚ್ ಆರಿಸಿಕೊಂಡರೆ ಎಲ್ಲ ಚೆನ್ನಾಗೇ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಬೇಕು. ಮಳೆ, ಜೋಗ, ಗಣಪತಿ ಮೂರೂ ಅದೇ ಹೊತ್ತಿಗೆ ಬರುತ್ತವೆ.